ಕ್ವಿಕ್ ರಿಲೀಸ್

ಒಡೆದ ಕ್ಯಾಮೆರಾವನ್ನೂ ಟ್ರೈಪಾಡನ್ನೂ ಮದುವೆ ಫೋಟೋಗ್ರಾಫರ್ ಒಬ್ಬಳು ಕ್ಯಾಮೆರಾ ಅಂಗಡಿಯ ಮೇಜಿನ ಮೇಲೆ ಕುಕ್ಕಿದಳು.

"ಬೇಗ ಬಿಚ್ಚೋಕೆ ಬರ್ಬೇಕು, ಆದ್ರೆ ತಾನಾಗೇ ಬಿಚ್ಕೋಬಾರ್ದು, ಟ್ರೈಪಾಡಿಗೆ ಅಂಥ ಕ್ವಿಕ್ ರಿಲೀಸ್ ಲಾಕ್ ಕೊಡಿ ಅಂದಿದ್ದೆ. ತಾಳಿ ಕಟ್ಟೋ ಹೊತ್ತಿಗೇ ಕ್ಯಾಮೆರಾ ಕಳಚಿ ಬಿತ್ತು!"

"ಲಾಕ್ ಸರಿಯಾಗೇ ಇದೆ. ನಿಮಗೇ ಹಾಕೋಕೆ ಬಂದಿಲ್ಲ," ಎಂದ ಅಂಗಡಿಯವ.

"ಹನ್ನೊಂದು ವರ್ಷದಿಂದ ಇದೇ ಕೆಲಸ ನಂದು. ನನಗೇ ಹೇಳ್ಕೊಡ್ತೀರಾ?"

ಅವನು ಸಿಡುಕುತ್ತಲೇ ಲಾಕನ್ನು ಬಿಚ್ಚಿದ. ಪಿನ್ ಕೂರುವ ಸಂದಿಯಲ್ಲಿ ಗಂಧ-ಕುಂಕುಮ ಒಣಗಿ ಕಲ್ಲಾಗಿತ್ತು.

"ನೋಡ್ರೀ ಇಲ್ಲಿ! ಇಷ್ಟು ಮೆತ್ತಿದ್ರೆ ಪಿನ್ ಹೇಗೆ ಕೂರುತ್ತೆ? ಯಾವ ಪುಣ್ಯಾತ್ಮ ಇದಕ್ಕೆ ಪೂಜೆ ಮಾಡಿದ್ದು?"

"ನೀವೇ. ಆಯುಧಪೂಜೆ ದಿನ ನನ್ನ ಕೈಗೆ ಕೊಡೋ ಮುಂಚೆ, ಬೇಡ ಬೇಡ ಅಂದ್ರೂ ಬಿಡದೆ."