ಎಂಟು ವರ್ಷದ ಸುಳ್ಳು

“ನಾನೇ ಸುಳ್ಳು ಯೋಳಿ ವಯಸ್ಸು ಕಮ್ಮಿ ಬರುಸ್ದೆ ತಾಯಿ. ಜೈಲಿಗೆ ಹಾಕುದ್ರೂ ಸೈ.” ಮಾದಣ್ಣ ಕೈ ಕಟ್ಟಿ ನಿಂತ.

ಚಾಮರಾಜನಗರದ ಅರಣ್ಯ ಕಚೇರಿಯ ಪಿಂಚಣಿ ವಿಭಾಗಕ್ಕೆ ಕುಮಾರಿ ಬಂದು ಒಂಬತ್ತು ದಿನವಾಗಿತ್ತು. ವಯಸ್ಸು ಕಮ್ಮಿ ಮಾಡಿಕೊಡಿ ಎಂದವರನ್ನು ಕಂಡಿದ್ದಳು. ಹೆಚ್ಚು ಮಾಡಿ ಎಂದವನು ಇವನೇ ಮೊದಲು.

“ನಿಮ್ಮ ವಯಸ್ಸಾ?”

“ನಂದಲ್ಲ. ರಂಗರಾಜುದು. ಮೂವತ್ತು ವರ್ಸದಿಂದ ಜೊತೇಲೇ ಕೆಲ್ಸ, ಗುಂಡ್ಲುಪೇಟೆ ಕಡೆ. ಮರ ಸಾಗ್ಸಾದು, ಗಸ್ತು.”

ಕುಮಾರಿ ಹಾಳೆಯ ಮೇಲೆ ಲೆಕ್ಕ ಹಾಕಿದಳು. ಅರವತ್ತು ತುಂಬಿ ಕೆಲಸ ಬಿಟ್ಟರೆ ಪೂರ್ತಿ ಸೌಲಭ್ಯ. ಮುಂಚೆ ಬಿಟ್ಟರೆ ಹೆಚ್ಚೆಂದರೆ ಐದು ವರ್ಷ ಸೇರಿಸಬಹುದು. ದಾಖಲೆಯ ಪ್ರಕಾರ ರಂಗರಾಜುಗೆ ಐವತ್ಮೂರು. ಐದು ಸೇರಿದರೂ ಐವತ್ತೆಂಟು.

“ಎರಡು ವರ್ಷ ಕಮ್ಮಿ ಬೀಳ್ತದೆ. ಅರ್ಧವೇ ಸಿಗೋದು.”

“ಅರ್ಧ ಅವ್ನ ಹೊಟ್ಟೆಗೆ ಎಲ್ಲಿಗೂ ಸಾಲ್ದು. ಅವ್ನಿಗೆ ದಿಟ್ವಾಗೂ ಅರವತ್ತೊಂದು. ಎಂಟು ವರ್ಸ ನಾನು ನುಂಗ್ಬುಟ್ಟೆ.”

“ಯಾಕೆ?”

“ವಯಸ್ಸಾದೋರ್ನ ಬ್ಯಾರೆ ಕಡೆ ಕಳುಸ್ತಾರೆ ಅಂದ್ರು. ಅವ್ನು ಒಂಟೋದ್ರೆ ನಾನೇನ್ಮಾಡ್ಲಿ. ನೀನು ಅವುನ್ನೇ ಕಟ್ಕಬೇಕಿತ್ತು ಅಂತಾಳೆ ನನ್ನೆಡ್ತಿ.” ಮಾದಣ್ಣ ನಗಲಿಲ್ಲ. “ವಯಸ್ಸು ಚಿಕ್ದು ಅಂತ ಇವತ್ಗೂ ಮರ ಎಳುಸ್ತಾವ್ರೆ. ಮೊನ್ನೆ ದಿಮ್ಮಿ ಎಳೀತಾ ಮಂಡಿ ಊರ್ಬುಟ್ಟ. ಎದ್ದು ನನ್ನ ಮಕ ನೋಡ್ದ, ಬೈನಿಲ್ಲ. ಬೈದಿದ್ರೆ ಚೆಂದಾಗಿತ್ತು.”

ಕುಮಾರಿ ಹೊಸ ಅರ್ಜಿ ತೆಗೆದಳು. “ತಂದೆ ಹೆಸರು?”

“ಯಾರು ಕಂಡೋರು. ಅವ್ವ ಇದ್ಲು. ಆಮ್ಯಾಲೆ ಅವ್ಳೂ ಕಾಣ್ನಿಲ್ಲ.”

“ಸಂಸಾರ?”

“ಅಲ್ಲೊಂದು ಇಲ್ಲೊಂದು ಅವೆ. ಯಾವುದ್ಕೂ ಇವ್ನು ಸಾಕಿ ಸಲುವ್ನಿಲ್ಲ.”

ಅವಿವಾಹಿತ ಎಂದು ಬರೆದಳು. “ಕುಡಿತ ಇದೆಯಾ?”

“ಇಲ್ಲ. ವರ್ಸಕ್ಕೊಂದ್ಸಲ ತಲೆ ಕೆಡ್ತದೆ. ಆಗ ನಾನೂ ಅತ್ರ ಓಗಲ್ಲ.”

ನಡತೆ ತೃಪ್ತಿಕರ ಎಂದು ಬರೆದಳು.

“ವಯಸ್ಸಿಗೆ ಪುರಾವೆ?”

“ಡಾಕ್ಟ್ರು ಈಗ ತಾನೆ ಹಲ್ಲು ನೋಡುದ್ರು. ಅರವತ್ತು ದಾಟದೆ ಅಂತ ಬರ್ಕೊಟ್ಟವ್ರೆ. ಅದಕ್ಕೇ ಲಾರೀಲಿ ಕರ್ಕಬಂದೆ.”

ಚೀಟಿಯಲ್ಲಿ ವೈದ್ಯರ ಸಹಿ ಇತ್ತು, ಮೊಹರು ಇತ್ತು. ಕುಮಾರಿ ಪೆನ್ನು ಕೆಳಗಿಟ್ಟಳು.

“ನೋಡಿ ಮಾದಣ್ಣ. ಸುಳ್ಳು ಹೇಳಿದ್ದು ನಾನೇ ಅಂತ ನೀವು ಒಪ್ಕೊಂಡ್ರೆ ರಂಗರಾಜುಗೆ ಪೂರ್ತಿ ಸಿಗ್ತದೆ. ಆದ್ರೆ ನಿಮ್ಮ ಮೇಲೆ ವಿಚಾರಣೆ ಆಗ್ತದೆ. ನಿಮಗೆ ಇನ್ನು ಎಷ್ಟು ಸರ್ವೀಸಿದೆ?”

“ಎಲ್ಡು ವರ್ಸ.”

“ನಿಮ್ಮ ಪಿಂಚಣಿಗೇ ಕುತ್ತು ಬರಬಹುದು. ಮನೇಲಿ ಕೇಳ್ಕೊಂಡು ಬನ್ನಿ.”

“ಕೇಳುದ್ರೆ ಬ್ಯಾಡ ಅಂತಾಳೆ,” ಎಂದು ಮಾದಣ್ಣ ಹೆಬ್ಬೆಟ್ಟು ಒತ್ತಿದ. ಒತ್ತಿದ ಮೇಲೆ ಅವನಿಗೆ ತಡೆಯಲಾಗಲಿಲ್ಲ. ಕಿಟಕಿಯ ಕಡೆ ತಿರುಗಿ, ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ.

ಕುಮಾರಿ ಅರ್ಜಿಯ ಹಾಳೆ ತಿರುಗಿಸಿ ಕೇಳಿದಳು. “ಅವರದ್ದೂ ಒಂದು ಹೆಬ್ಬೆಟ್ಟು ಬೇಕು. ಒಳಗೆ ಕರೀತೀರಾ?”

“ಬಾಗ್ಲಲ್ಲಿ ಬರಾಕಾಗಲ್ಲ ತಾಯಿ.”

“ಪಾಪ, ಮಂಡಿ ನೋವಲ್ವಾ. ನಾನೇ ಆಚೆ ಬರ್ತೀನಿ.” ಇಂಕ್ ಪ್ಯಾಡ್ ಹಿಡಿದು ಎದ್ದಳು.

ಅಷ್ಟರಲ್ಲಿ ಕೋಣೆಯೊಳಗೆ ಕತ್ತಲಾಯಿತು. ತೆರೆದ ಕಿಟಕಿಯಿಂದ ಒಂದು ಸೊಂಡಿಲು ಒಳಬಂದು ಮಾದಣ್ಣನ ಹೆಗಲ ಮೇಲೆ ಕೂತಿತು, ಅವನು ಅಳು ನಿಲ್ಲಿಸುವವರೆಗೂ ಕದಲಲಿಲ್ಲ.