ಸದ್ದಿಲ್ಲದ ಚಕ್ರ

ಕತ್ತಿನ ಹಿಂದೆ ಎತ್ತಿನ ಬಿಸಿಯುಸಿರು ತಾಗಿದಾಗಲೇ ಓವರ್‌ಸಿಯರ್ ಶಿವಮಲ್ಲಪ್ಪನವರಿಗೆ ಗಾಡಿ ಬಂದದ್ದು ಗೊತ್ತಾದದ್ದು. ನರಸೀಪುರದಿಂದ ನಂಜನಗೂಡಿಗೆ ಹೋಗುವ ರಸ್ತೆಯಲ್ಲಿ, ಹದಿನಾರು ಎಂಬ ಊರಿನ ಹತ್ತಿರ ಬಗ್ಗಿ ನಿಂತು ಹೊಸ ಜಲ್ಲಿಯನ್ನು ಪರೀಕ್ಷಿಸುತ್ತಿದ್ದವರು ಬೆಚ್ಚಿ ಹಾರಿ ಚರಂಡಿಗೆ ಬಿದ್ದರು. ರುಮಾಲು ಒಂದು ಕಡೆ, ಕೊಡೆ ಒಂದು ಕಡೆ. ಅರ್ಧ ಮೈಲಿ ದೂರದಿಂದಲೇ ಗಡಗಡ ಎನ್ನದ ಗಾಡಿಯನ್ನು ಹನ್ನೊಂದು ವರ್ಷದ ನೌಕರಿಯಲ್ಲಿ ಅವರು ಕಂಡಿರಲಿಲ್ಲ.

ಎದ್ದು ನೋಡಿದರೆ, ಚಕ್ರದ ಕಬ್ಬಿಣದ ಪಟ್ಟಿ ಕಾಣದ ಹಾಗೆ ಸುತ್ತಲೂ ದಪ್ಪ ತೊಗಲು ಬಿಗಿದು ಹೊಲಿದಿದೆ.

"ಏನಮ್ಮ ಇದು?"

"ಬಾವಿ ಕಪಿಲೆ ಬಾನಿ ತೊಗಲು ಸಾ. ನೀರು ಸೇದಿ ಸೇದಿ ತೂತು ಬಿದ್ದಿತ್ತು. ಒಳಕ್ಕೆ ತೆಂಗಿನ ನಾರು ತುಂಬಿಸಿವ್ನಿ," ಎಂದಳು ಗಾಡಿಯಲ್ಲಿ ಮಡಕೆಗಳ ನಡುವೆ ಕೂತಿದ್ದ ಕುಂಬಾರರ ಮಂಚಮ್ಮ. ಎತ್ತು ಹೊಡೆಯುತ್ತಿದ್ದ ಗಂಡ ಚಾಮಯ್ಯ "ಊಂ" ಎಂದ. ಅವನು ಅದಕ್ಕಿಂತ ಹೆಚ್ಚು ಮಾತಾಡುವವನಲ್ಲ.

ಸಣ್ಣ ಪಟ್ಟಿಯ ಚಕ್ರಗಳು ಮಹಾರಾಜರ ಸರ್ಕಾರದ ರಸ್ತೆಯನ್ನು ಕೊರೆಯುತ್ತವೆಂದು ಆ ವರ್ಷ ಹೊಸ ಕಾನೂನು ಬಂದಿತ್ತು. ಪಟ್ಟಿಯ ಅಗಲ ಮೂರು ಬೆರಳಿಗಿಂತ ಕಡಿಮೆ ಇರಕೂಡದು. ಶಿವಮಲ್ಲಪ್ಪನವರು ಜೇಬಿನಿಂದ ಅಳತೆಪಟ್ಟಿ ತೆಗೆದರು. ಆದರೆ ಅಳೆಯುವುದು ಏನನ್ನು? ಕಾನೂನಿನಲ್ಲಿ ತೊಗಲಿನ ಮಾತೇ ಇಲ್ಲ.

"ತೊಗಲು ಬಿಚ್ಚು. ಕಬ್ಬಿಣ ಅಳೀಬೇಕು."

"ಬಿಚ್ಚಿದ್ರೆ ಕುಲುಕಾಟಕ್ಕೆ ಒಂದು ಮಡಕೇನೂ ಉಳಿಯಾಕಿಲ್ಲ ಸಾ! ನಾಳೆ ಬೆಳಿಗ್ಗೆ ನಂಜನಗೂಡಲ್ಲಿ ಮದುವೆ. ಇವೆಲ್ಲಾ ಧಾರೆ ಚಪ್ಪರಕ್ಕೆ ಇಡೋ ಮಡಕೆ. ಒಂದು ಸೀಳು ಬಿಟ್ರೂ ಅಪಶಕುನ ಅಂತಾರೆ. ಆಮ್ಯಾಕೆ ನಮ್ಮ ಕೈಲಿ ಯಾರು ಮಡಕೆ ಮಾಡಿಸ್ತಾರೆ?"

"ಹಾಗಾದ್ರೆ ಗಾಡಿ ಇಲ್ಲೇ ಇರ್ಲಿ. ನಾನು ನಂಜನಗೂಡಿನ ಎಂಜಿನಿಯರ್ ಸಾಹೇಬರಿಗೆ ಬರೆದು ಕೇಳ್ತೀನಿ."

ಮಂಚಮ್ಮ ಹುಲ್ಲು ಸರಿಸಿ ಜಾಗ ಮಾಡಿದಳು. "ಬರೆಯೋದ್ಯಾಕೆ ಸಾ? ನಾವೂ ಅಲ್ಲಿಗೇ ಓಗೋದು. ಹಿಡ್ಕೊಂಡು ಬಂದೆ ಅಂತ ಗಾಡೀನೇ ತೋರಿಸ್ಬುಡಿ. ಅತ್ಕೊಳಿ."

ಜಪ್ತಿಯಾದ ಮಾಲಿನ ಮೇಲೆ ಅಧಿಕಾರಿ ಕೂರುವುದರಲ್ಲಿ ತಪ್ಪೇನಿಲ್ಲವೆಂದು ಶಿವಮಲ್ಲಪ್ಪನವರಿಗೂ ಅನ್ನಿಸಿತು. ಹತ್ತಿ, ಗಂಭೀರವಾಗಿ ಕೂತರು. ಮುಂದಿನ ಸೇತುವೆಯ ಹತ್ತಿರದ ಗುಂಡಿ ಅವರ ಬೆನ್ನಿಗೆ ಚೆನ್ನಾಗಿ ಗೊತ್ತಿತ್ತು. ಹಲ್ಲು ಕಚ್ಚಿ, ಗಾಡಿಯ ಗೂಟ ಹಿಡಿದು ಕಾದರು. ಸೇತುವೆ ಹಿಂದಾಯಿತು, ಗುಂಡಿ ಮಾತ್ರ ಬರಲೇ ಇಲ್ಲ. ಮಡಕೆಗಳೂ ಟಿಣ್ ಎನ್ನಲಿಲ್ಲ. ಶಿವಮಲ್ಲಪ್ಪನವರು ಮೆಲ್ಲಗೆ ಗೂಟ ಬಿಟ್ಟರು. ಕೆಲಸವಾದರೂ ಆಗಲೆಂದು ಮಸಿಕುಡಿಕೆಯನ್ನು ಒಂದು ಮಡಕೆಯ ಮುಚ್ಚಳದ ಮೇಲಿಟ್ಟುಕೊಂಡು ರಿಪೋರ್ಟು ಬರೆಯತೊಡಗಿದರು: 'ಈ ಚಕ್ರವು ಕಾನೂನಿಗೆ ವಿರೋಧವಾದದ್ದು. ಸದ್ದಿಲ್ಲದೆ ಬರುವುದರಿಂದ ದಾರಿಹೋಕರ ಪ್ರಾಣಕ್ಕೆ ಅಪಾಯಕರವಾದದ್ದು. ಕೂಡಲೇ ನಿಷೇಧಿಸತಕ್ಕದ್ದು.' ಸಹಿ ಹಾಕಿ, ಹುಲ್ಲಿಗೆ ಒರಗಿ ನಿದ್ದೆಹೋದರು.

ನಂಜನಗೂಡಿನ ಬಂಗಲೆಯ ಜಗುಲಿಯಲ್ಲಿ ಎಂಜಿನಿಯರ್ ಸಾಹೇಬರು ರಿಪೋರ್ಟನ್ನು ಎರಡು ಸಲ ಓದಿದರು.

"ಅಕ್ಷರ ಮುತ್ತು ಪೋಣಿಸಿದ ಹಾಗಿದೆ. ಎಲ್ಲಿ ಕೂತು ಬರೆದಿರಿ?"

ಶಿವಮಲ್ಲಪ್ಪನವರು ಕೆಮ್ಮಿದರು. ರುಮಾಲು ಸರಿಮಾಡಿಕೊಂಡರು. "ಗಾಡಿಯಲ್ಲೇ, ಸ್ವಾಮಿ."

"ನಿಂತ ಗಾಡಿಯಲ್ಲೋ?"

"ಓಡ್ತಿತ್ತು ಸ್ವಾಮಿ!" ಎಂದಳು ಮಂಚಮ್ಮ. "ಸಾ ಅವ್ರು ಗೊರಕೆ ಒಡೆದ್ರೂ ಕೇಳ್ತಿತ್ತು, ಅಷ್ಟು ಮೆತ್ತಗೆ."

ಸಾಹೇಬರು ಇಳಿದು ಬಂದು, ಗಾಡಿ ಹಾದ ಮಣ್ಣನ್ನು ಬೆತ್ತದಿಂದ ಸವರಿ ನೋಡಿದರು. "ರಸ್ತೆ ಕೊರೆಯೋ ಚಕ್ರಕ್ಕಲ್ಲವೇನ್ರೀ ಕಾನೂನು? ಇದು ನೆಲ ಸಾರಿಸಿಕೊಂಡು ಬಂದಿದೆ. ಬಿಟ್ಟುಬಿಡಿ. ನೀವೂ ಇನ್ನುಮೇಲೆ ನಡುರಸ್ತೆಯಲ್ಲಿ ಬಗ್ಗಬೇಡಿ."

ಮಡಕೆಗಳು ಒಂದೂ ಸೀಳದೆ ಮದುವೆಮನೆ ಸೇರಿದವು. ಅವಮಾನ ಎರಡು ದಿನ ಶಿವಮಲ್ಲಪ್ಪನವರ ಗಂಟಲಲ್ಲಿ ಮುಳ್ಳಿನಂತಿತ್ತು. ಮೂರನೆಯ ದಿನ ತಮ್ಮ ಹಳೆಯ ಗಾಡಿಯಲ್ಲಿ ಬನ್ನೂರಿಗೆ ಹೋಗಿಬಂದ ಮೇಲೆ, ಆ ಮುಳ್ಳು ಬೆನ್ನಿಗಿಳಿಯಿತು. ನಾಲ್ಕನೆಯ ದಿನ ಯಾರಿಗೂ ಹೇಳದೆ ಮಂಚಮ್ಮನ ಮನೆಯ ದಾರಿ ಹಿಡಿದರು.

ಎಂಟು ದಿನ ಕಳೆದ ಮೇಲೆ, ಹದಿನಾರಿನ ಆಚೆ ಹೊಂಗೆಯ ನೆರಳಿನಲ್ಲಿ ರಸ್ತೆಗೆ ಕಲ್ಲು ಕುಟ್ಟಬೇಕಿದ್ದ ಹದಿನಾಲ್ಕು ಆಳುಗಳು ಸುತ್ತಿಗೆಯನ್ನೇ ತಲೆದಿಂಬು ಮಾಡಿಕೊಂಡು ಮಲಗಿದ್ದರು. ಮೇಸ್ತ್ರಿ ಬೋರಯ್ಯನಿಗೆ ಮುಖಕ್ಕೆ ಬಿಸಿಯುಸಿರು ತಾಗಿ ಎಚ್ಚರವಾಯಿತು. ತಲೆಯ ಹತ್ತಿರವೇ ಎತ್ತುಗಳು, ಅವುಗಳ ಹಿಂದೆ ಗಾಡಿಯಲ್ಲಿ ಕೊಡೆ ಹಿಡಿದು ಕೂತ ಓವರ್‌ಸಿಯರು. ಅವನು ದಡಬಡಿಸಿ ಎದ್ದ. ಓವರ್‌ಸಿಯರರ ರಿಪೋರ್ಟಿನ ಸುದ್ದಿ ಅವನ ಕಿವಿಗೂ ಬಿದ್ದಿತ್ತು. ಆ ತೊಗಲಿನ ಚಕ್ರವನ್ನು ಮೇಲಿಂದ ಕೆಳಗೆ ನೋಡಿದ. ಕೈಮುಗಿದುಕೊಂಡೇ ಕೇಳಿದ:

"ಸಾ, ಇಂಥ ಗಾಡೀಲಿ ಬರೋದು ಕಾನೂನ್ಗೆ ವಿರೋಧ ಅಲ್ವಾ?"