ಒಂದು ಗೇಣು ಸೀಟು

ಗಾಡಿಯಿಂದ ಇಳಿದ ಗಂಡಹೆಂಡಿರನ್ನು ಮಾತಾಡಿಸುವ ಮೊದಲೇ ಕುಷನ್ ಅಣ್ಣ ಸೀಟಿನ ಕಡೆ ಬಗ್ಗಿದ. ಬಗ್ಗಿದವನು ಹುಬ್ಬು ಗಂಟಿಕ್ಕಿದ. ಮೂವತ್ತು ವರ್ಷದಿಂದ ಬೈಕು ಸ್ಕೂಟರುಗಳ ಸೀಟು ಹೊಲಿದೂ ಹೊಲಿದೂ ಆ ಹೆಸರು ಅಂಟಿಸಿಕೊಂಡವನು ಅವನು. ಕಪ್ಪು ರೆಕ್ಸಿನ್ ಮೇಲೆ ಸೀಮೆಸುಣ್ಣದ ಪುಡಿ ಸವರಿ, ಒಂದು ಸುತ್ತು ಹೊಡೆದು ಬನ್ನಿ ಎಂದು ಕಳಿಸುವುದು ಅವನ ಪದ್ಧತಿ. ಕೂತ ಕಡೆ ಪುಡಿ ಬಟ್ಟೆಗೆ ಹತ್ತಿ ಕಪ್ಪು ಕಾಣುತ್ತದೆ, ಕೂರದ ಕಡೆ ಬಿಳಿ ಹಾಗೇ ಉಳಿಯುತ್ತದೆ. ಹಿಂದಿನ ಜೇಬಿನಲ್ಲಿ ಪರ್ಸ್ ತುರುಕಿಕೊಂಡವರು ಯಾರು, ಹೆಂಡತಿಯನ್ನು ತುದಿಗೆ ತಳ್ಳಿ ತಾವು ಹರಡಿ ಕೂತವರು ಯಾರು, ಎಲ್ಲವನ್ನೂ ಅವನು ಆ ಸುಣ್ಣ ನೋಡಿಯೇ ಹೇಳಿಬಿಡುತ್ತಿದ್ದ.

"ಏನು ಹೇಳುತ್ತೆ ನಿಮ್ಮ ಸುಣ್ಣ?" ಎಂದರು ಗಂಡ. ಅವರದು ಕನ್ನಡಕದ ಅಂಗಡಿ. ಗಾಡಿ ಇನ್ನೂ ಅವರದಾಗಿರಲಿಲ್ಲ. ಟಾರು ರಸ್ತೆಗೂ ಕಲ್ಲುಮಣ್ಣಿನ ದಾರಿಗೂ ಒಗ್ಗುವ ಹೊಸ ಡ್ಯುಯಲ್ ಸ್ಪೋರ್ಟ್ ಬೈಕನ್ನು ಷೋರೂಮಿನ ಗೆಳೆಯ ಎರಡು ದಿನ ಓಡಿಸಿ ನೋಡಲು ಕೊಟ್ಟಿದ್ದ. ಬೇಕೋ ಬೇಡವೋ ಸಂಜೆಯೊಳಗೆ ಹೇಳಬೇಕಿತ್ತು. ನಾಲ್ಕು ವರ್ಷದಿಂದ ಮನೆಯ ಬೀದಿ ದಾಟದ ಹೆಂಡತಿ ಇಪ್ಪತ್ತು ದಿನದ ತಿರುಗಾಟಕ್ಕೆ ಅಂತೂ ಇಂತೂ ಹೂಂ ಎಂದಿದ್ದರು. ಅದಕ್ಕೊಂದು ಷರತ್ತು, ಸೊಂಟ ನೋಯಬಾರದು. ನೋಯಿತೋ, ಮತ್ತೆ ಯಾವತ್ತೂ ತನ್ನನ್ನು ಕರೆಯಬಾರದು.

"ಇಂಜಿನ್ ಬಗ್ಗೆ ಮಾತೇ ಇಲ್ಲ ಸಾರ್. ಟ್ಯಾಂಕ್ ಸ್ವಲ್ಪ ಚಿಕ್ಕದು, ಬಂಕ್ ಕಂಡಲ್ಲೆಲ್ಲ ಹಾಕಿಸ್ಕೋತಾ ಹೋಗ್ಬೇಕು, ಅಷ್ಟೆ. ಈ ಸೀಟೇ ನಂಗೆ ಅರ್ಥ ಆಗ್ತಿಲ್ಲ."

ಅರ್ಥವಾಗುವುದಾದರೂ ಹೇಗೆ? ಇಂಥ ಗಾಡಿಗಳ ಸೀಟು ಮುಂದಕ್ಕೆ ಇಳಿಜಾರು. ಬ್ರೇಕ್ ಹಿಡಿದಾಗಲೆಲ್ಲ ಹಿಂದಿನವರು ಜಾರಿ ಬಂದು ಮುಂದಿನವರ ಬೆನ್ನಿಗೆ ಅಂಟಬೇಕು. ಅವನು ನೂರು ಸಲ ಕಂಡದ್ದು ಅದನ್ನೇ. ಇಲ್ಲಿ ನೋಡಿದರೆ ಆಕೆಯ ಗುರುತು ಏರಿನ ತುತ್ತತುದಿಯಲ್ಲಿ, ಲಗೇಜ್ ಕಟ್ಟುವ ಕಂಬಿಗೆ ತಾಗಿಕೊಂಡಿತ್ತು. ಆತನದು ಟ್ಯಾಂಕಿಗೆ ಒತ್ತಿಕೊಂಡಿತ್ತು. ನಡುವೆ ಒಂದು ಗೇಣಿನಷ್ಟು ಸುಣ್ಣ, ಯಾರೂ ಸೋಕದೆ ಉಳಿದಿತ್ತು.

ಅವನು ಸೀಟನ್ನು ಒರೆಸಿದ. ಅದರಡಿ ರಬ್ಬರ್ ತುಂಡುಗಳನ್ನು ಕೊಟ್ಟು ಇಳಿಜಾರು ತಗ್ಗಿಸಿ, ಹೊಸದಾಗಿ ಪುಡಿ ಸವರಿದ. "ಇನ್ನೊಂದ್ ಸುತ್ತು ಹೋಗ್ಬನ್ನಿ. ಈ ಸಲ ಆರಾಮಾಗಿ ಕೂತ್ಕೊಳ್ಳಿ ಅಮ್ಮ, ಸಾರ್ ಏನೂ ಕಚ್ಚಲ್ಲ."

ಅರ್ಧ ಗಂಟೆ ಬಿಟ್ಟು ಬಂದರು. ಆಕೆ ಸೊಂಟ ಹಿಡಿದುಕೊಂಡೇ ಇಳಿದರು. ಆತನ ಮುಖ ಸಪ್ಪಗಾಯಿತು.

"ನೋಯ್ತಾ?"

"ಸ್ವಲ್ಪ."

"ಸ್ವಲ್ಪ ಅಂದ್ರೆ?"

"ಸ್ವಲ್ಪ ಅಂದ್ರೆ ಸ್ವಲ್ಪ ರೀ. ಅದನ್ನೂ ಅಳೆದು ಹೇಳ್ಬೇಕಾ?"

ಸೀಟಿನ ಮೇಲೆ ಮತ್ತದೇ ಗೇಣು. ಗಾಡಿಯದು ತಪ್ಪೋ, ಸೀಟಿನದು ತಪ್ಪೋ, ತನ್ನ ವಿದ್ಯೆಗೇ ತುಕ್ಕು ಹಿಡಿಯಿತೋ, ಕುಷನ್ ಅಣ್ಣನಿಗೆ ತಲೆಬುಡ ತಿಳಿಯಲಿಲ್ಲ. ಏನೂ ತೋಚದಾಗ ತಮಾಷೆಗೆ ಇಳಿಯುವುದು ಅವನ ಕೆಟ್ಟ ಚಾಳಿ. "ಏನ್ ಸಾರ್, ಇಬ್ರೂ ಜಗಳ ಆಡ್ಕೊಂಡು ಬಂದ್ರಾ? ನಡುವೆ ಇನ್ನೊಬ್ಬರನ್ನ ಕೂರಿಸ್ಕೊಂಡ ಹಂಗಿದೆಯಲ್ಲ" ಎಂದು ನಕ್ಕ.

ಅವರು ನಗಲಿಲ್ಲ. ಇಬ್ಬರೂ ಸೀಟು ನೋಡಿದರು. ಆಮೇಲೆ ಒಬ್ಬರನ್ನೊಬ್ಬರು ನೋಡಿದರು, ಏನೋ ಕದ್ದು ಸಿಕ್ಕಿಬಿದ್ದವರ ಹಾಗೆ.

"ಮಗಳು ಕೂತ್ಕೋತಿದ್ಲು" ಎಂದರು ಆತ. "ಹಳೇ ಸ್ಕೂಟರಲ್ಲಿ. ಮೂರು ವರ್ಷದವಳಿದ್ದಾಗಿಂದ ನಮ್ಮಿಬ್ಬರ ನಡುವೆನೇ ಅವಳ ಜಾಗ."

"ಹನ್ನೊಂದು ತುಂಬಿತ್ತು, ಜ್ವರ ಬಂದು ಹೋಗ್ಬಿಟ್ಲು" ಎಂದರು ಆಕೆ. "ನಾಲ್ಕು ವರ್ಷ ಆಯ್ತು. ನಾನು ಹಿಂಗೆ ಕೂರ್ತೀನಿ ಅಂತ ನಂಗೇ ಗೊತ್ತಿರ್ಲಿಲ್ಲ."

"ನಂಗೂ."

ಕುಷನ್ ಅಣ್ಣ ನಾಲಿಗೆ ಕಚ್ಚಿಕೊಂಡ. ಕ್ಷಮಿಸಿ ಎನ್ನಬೇಕೆಂದುಕೊಂಡ, ಅಷ್ಟರಲ್ಲಿ ಆತನೇ ಕೇಳಿದರು: "ಈಗ ಹೇಳಿ, ದೂರದ ಪ್ರಯಾಣಕ್ಕೆ ಆಗುತ್ತಾ ಈ ಗಾಡಿ?"

ಕೇಳಿದ್ದು ಗಾಡಿಯ ವಿಷಯವೋ ಬೇರೆಯದೋ ಅವನಿಗೆ ಗೊತ್ತಾಗಲಿಲ್ಲ. ತನಗೆ ತಿಳಿದಿರುವುದು ಸೀಟು ಒಂದೇ, ಅದನ್ನೇ ಹೇಳಿದ. "ಗಾಡಿ ಆಗುತ್ತೆ ಸಾರ್. ಹಿಂಗೆ ಕೂತ್ರೆ ಆಗಲ್ಲ. ನೀವು ಟ್ಯಾಂಕ್ ಮೇಲೆ, ಅಮ್ಮ ಕಂಬಿ ಮೇಲೆ. ಎರಡನೇ ದಿನಕ್ಕೇ ಇಬ್ಬರ ಸೊಂಟಾನೂ ಬಿದ್ದುಹೋಗುತ್ತೆ. ನೀವು ತಗೊಳ್ಳೋದಾದ್ರೆ ನಾನು ಸೀಟನ್ನ ಹೊಸದಾಗಿ ಹೊಲೀತೀನಿ. ನಡುವಿನ ಜಾಗ ತೆಗೆದು ಇಬ್ಬರಿಗೂ ಧಾರಾಳವಾಗಿ ಕೊಡಬಹುದು. ಇಲ್ಲಾಂದ್ರೆ ಅದನ್ನ ಹಂಗೇ ಬಿಟ್ಟು, ಹಿಂದಕ್ಕೆ ಆರಿಂಚು ಉದ್ದ ಮಾಡಬಹುದು. ಲಗೇಜು ಕಮ್ಮಿ ಹಿಡಿಯುತ್ತೆ, ಅಷ್ಟೆ."

ಬಣ್ಣದ ಸೀಮೆಸುಣ್ಣ ತೆಗೆದುಕೊಂಡು, ಗೆರೆ ಎಳೆಯಲು ಬಗ್ಗಿ ನಿಂತು ಕೇಳಿದ. "ಏನ್ ಮಾಡ್ಲಿ? ತೆಗೀಲಾ, ಬಿಡ್ಲಾ?"

ಇಬ್ಬರೂ ಒಂದೇ ಸಲಕ್ಕೆ ಬಾಯಿಬಿಟ್ಟರು.

"ಬಿಡಿ" ಎಂದವರು, ಇಷ್ಟು ದಿನ ಹೊರಡೋಣ ಹೊರಡೋಣ ಎಂದು ಗೋಗರೆದ ಆತ. "ತೆಗೀರಿ" ಎಂದವರು ಆಕೆ.